ಕೊಂಡಿತೂಬು

ನಮ್ಮ ಸಿರಿಗೊಂಡನಕೆರೆಯ ಏರಿಯ ಮೇಲೆ ಕೆರೆಯಮ್ಮನ ಪುಟ್ಟ ಗುಡಿಯಿದೆ. ಅದರ ಎದುರು, ನೀರಿನಲ್ಲಿ ನಿಂತ ಎರಡು ಕಲ್ಲುಕಂಬಗಳ ತೂಬಿನಲ್ಲಿ ಕಬ್ಬಿಣದ ಸರಪಳಿಯ, ಬಾಯಿ ಬಿಟ್ಟ ಕೊಂಡಿಯೊಂದು ತೂಗುತ್ತದೆ. ಅದರಿಂದಲೇ ಇದು ಕೊಂಡಿತೂಬು.

ಹಿಂದೆ, ಪಾಳೆಯಗಾರರ ಕಾಲದಲ್ಲಿ, ದ್ಯಾವಣ್ಣನೆಂಬ ನೀರಗಂಟಿ ಸರಪಳಿ ಎಳೆದು ತೂಬಿನ ಬಿರಡೆ ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದನಂತೆ. ಒಂದು ಮುಂಜಾನೆ ಅವನ ಹೆಣ ತೂಬಿನ ಬಳಿ ತೇಲಿತು. ಸರಪಳಿಯೂ ಕಾಣೆ. ಹಿಂದಿನ ದಿನವಷ್ಟೇ ಕಮ್ಮಾರ ಮಾನಾಚಾರಿ, ತನ್ನ ಗದ್ದೆಗೆ ನೀರು ಬರಲಿಲ್ಲವೆಂದು, "ಈ ತೂಬಲ್ಲೇ ಸಾಯಿ!" ಎಂದು ದ್ಯಾವಣ್ಣನನ್ನು ಬೈದಿದ್ದ. ಕಬ್ಬಿಣ ಕಮ್ಮಾರನಿಗಲ್ಲದೆ ಯಾರಿಗೆ ಬೇಕು ಎಂದಿತು ಊರು. ಹತ್ತು ಸಮಸ್ತರು ಸೇರಿ, ಕಾದ ನೇಗಿಲ ಗುಳವನ್ನು ಅಂಗೈಯಲ್ಲಿ ಹಿಡಿದು ಅಮ್ಮನ ಗುಡಿ ಸುತ್ತಬೇಕೆಂದು ವಿಧಿಸಿದರು. ಮಾನಾಚಾರಿ ಸುತ್ತಿದ. ಕೈಯಲ್ಲಿ ಒಂದು ಬೊಬ್ಬೆಯೂ ಏಳಲಿಲ್ಲ. ನಿರ್ದೋಷಿ ಎಂದು ತೀರ್ಪಾಯಿತು. ದ್ಯಾವಣ್ಣನ ಹೆಂಡತಿ ಗಿರಿಯವ್ವ ಮಾತ್ರ, "ಕಮ್ಮಾರನ ಕೈಗೆ ಕಾದ ಕಬ್ಬಿಣ! ಮೀನನ್ನ ನೀರಿಗೆ ಬಿಟ್ಟು ಮುಳುಗಲಿಲ್ಲ ಅಂದಂಗಾಯ್ತು" ಎಂದು ಎದ್ದುಹೋದಳು. ಅಂದಿನಿಂದ ಆಕೆ ಅವನ ಕುಲುಮೆಯ ಕಡೆ ತಲೆಹಾಕಲಿಲ್ಲ. ಮೊಂಡು ಕುಡುಗೋಲಿನಲ್ಲೇ ಪೈರು ಕೊಯ್ದಳು. ತಾನು ಕೊಂದಿಲ್ಲವೆಂದು ಮಾನಾಚಾರಿಗೆ ಗೊತ್ತಿತ್ತು. ಆದರೂ ಜಡ್ಡುಗಟ್ಟಿದ ಅಂಗೈ ನೋಡಿಕೊಂಡಾಗಲೆಲ್ಲ ಆಕೆಯ ಮಾತೇ ಸರಿಯೆನ್ನಿಸುತ್ತಿತ್ತು.

ಮುಂದೊಂದು ಬೇಸಗೆಯಲ್ಲಿ ಕೆರೆ ಬತ್ತಿ, ತೂಬಿನ ಬುಡದ ಕೆಸರಿನಲ್ಲಿ ಸರಪಳಿ ಸಿಕ್ಕಿತು. ಒಂದು ಕೊಂಡಿ ಬಿಚ್ಚಿಕೊಂಡಿತ್ತು. ದ್ಯಾವಣ್ಣ ಎಳೆಯುವಾಗ ಅದು ಬಿಟ್ಟು, ಅವನು ಕಲ್ಲಿನ ಮೇಲೆ ಬಿದ್ದು ಸತ್ತಿದ್ದನೆಂದು ಎಲ್ಲರಿಗೂ ತಿಳಿಯಿತು. "ಆಚಾರೀ, ಅಮ್ಮ ನಿನ್ನ ಎರಡನೇ ಸಲ ಗೆಲ್ಲಿಸಿದಳು" ಎಂದರು ಹಿರಿಯರು. ಅವನು ಆ ಕೊಂಡಿಯನ್ನು ಹಿಡಿದು ಗಿರಿಯವ್ವನ ಬಾಗಿಲಿಗೆ ಹೋದನಂತೆ.

"ತಾಯೀ, ನಾನು ದ್ಯಾವಣ್ಣನ ಮೇಲೆ ಕೈ ಎತ್ತಲಿಲ್ಲ. ಆದರೆ ಈ ಬೆಸುಗೆ ನನ್ನದು. ಇದನ್ನ ಬೆಸೆದ ದಿನ ಕೆಂಡ ಆರಿತ್ತು. ಮತ್ತೆ ತಿದಿ ಒತ್ತೋಕೆ ಬೇಸರವಾಗಿ, ತಣ್ಣಗಾದದ್ದನ್ನೇ ಬಡಿದು ಮುಗಿಸಿದೆ."

ಗಿರಿಯವ್ವ ಕೊಂಡಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. "ಇದನ್ನ ತೂಬಿಗೆ ಕಟ್ಟು. ಮುಂದೆ ಸರಪಳಿ ಮಾಡೋರು ನೋಡಲಿ" ಎಂದಳು. ಆಮೇಲೆ ಒಳಗೆ ಹೋಗಿ ಕುಡುಗೋಲು ತಂದು ಅವನ ಮುಂದಿಟ್ಟಳು. "ಇದನ್ನ ಸರಿಮಾಡಿಕೊಡು. ಬಿಸಿ ಇರುವಾಗಲೇ ಬಡಿ."

ಈಗಲೂ ಮೊಕದ್ದಮೆಯಲ್ಲಿ ಬಿಡುಗಡೆಯಾದವರು ಅಮ್ಮನಿಗೆ ಕಾಯಿ ಒಡೆಸಲು ಬರುತ್ತಾರೆ. ಪೂಜಾರಿ, "ಮೊದಲು ಕೊಂಡಿ ಮುಟ್ಟಿ ಬನ್ನಿ" ಎನ್ನುತ್ತಾನೆ. ಕೆಲವರು ಮುಟ್ಟಿ ಬರುತ್ತಾರೆ. ಕೆಲವರು ಏರಿಯ ಮೇಲಿಂದಲೇ ಕೊಂಡಿಯನ್ನು ನೋಡಿ, ಕಾಯಿ ಹಿಡಿದುಕೊಂಡೇ ಹಿಂತಿರುಗುತ್ತಾರೆ.