ಕರುಗಳ ಪಾಲು ಕೇಳಿದ ಕೆಂಚಕ್ಕ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿ ಕೂಡ ಇನ್ನೂ ಹುಟ್ಟಿರದ ಕಾಲದಲ್ಲಿ, ಎಳ್ಳು ಬೆಳೆಯೋ ಒಂದು ಊರಲ್ಲಿ ಕೆಂಚಕ್ಕ ಅಂತ ಒಬ್ಬಳಿದ್ದಳಂತೆ. ಎಣ್ಣೆ ಗಾಣದವಳು. ಎತ್ತಿಗೆ ಸುಸ್ತಾದರೆ ನೊಗಕ್ಕೆ ತಾನೇ ಹೆಗಲು ಕೊಡುತ್ತಿದ್ದಳಂತೆ. ಅವಳು ಗಾಣ ತಿರುಗಿಸಿದರೆ ಭೂಮಿ ಅದುರುತ್ತಿತ್ತು ಅಂತಾರೆ. ನಾನು ಕಂಡಿಲ್ಲಪ್ಪ, ಅಂತಾರೆ.

ಆ ಊರ ಗೌಡ ಜವನಪ್ಪ ಮಗಳ ಮದುವೆ ಇಟ್ಟುಕೊಂಡ. ಬೀಗರಿಗೆ ಹಾಲು, ಮೊಸರು, ತುಪ್ಪ ಹೊಳೆಯಾಗಿ ಹರೀಬೇಕು ಅಂತ ಹಸುಗಳ ಕೆಚ್ಚಲನ್ನೆಲ್ಲ ಬರಿದು ಮಾಡಿಸಿದ. ಕರುಗಳನ್ನ ಬೇರೆ ಕೊಟ್ಟಿಗೆಯಲ್ಲಿ ಕೂಡಿಹಾಕಿಸಿದ. ಒಳಗೆ ಕರುಗಳು ಅಂಬಾ ಅಂದವು, ಹೊರಗೆ ತಾಯಿಹಸುಗಳು ಅಂಬಾ ಅಂದವು. ಹಸಿದು ಹಸಿದು ಒಂದು ಕರು ಕಾಲು ಮಡಚಿ ಬಿದ್ದೇಬಿಟ್ಟಿತಂತೆ.

ಕೆಂಚಕ್ಕ ಆ ಕರುವನ್ನ ಹೆಗಲ ಮೇಲೆ ಹೊತ್ತು ಸೀದಾ ಗೌಡನ ಚಪ್ಪರದೊಳಗೆ ಬಂದಳು.

"ಗೌಡರೇ, ಕೂಸಿನ ಬಾಯಿಂದ ಕಿತ್ತು ಬೀಗರಿಗೆ ಬಡಿಸ್ತೀರಾ?"

"ಹಾಲು ತುಪ್ಪ ಇಲ್ದಿದ್ರೆ ಬೀಗರು ಎಲೆ ಬಿಟ್ಟು ಎದ್ದು ಹೋಗ್ತಾರೆ ಕಣಮ್ಮ. ಮದುವೆ ಮುರಿದರೆ ಯಾರು ಗತಿ?"

"ಅಡಿಗೆ ನನಗೆ ಬಿಡಿ. ಒಬ್ಬರು ಎದ್ದರೂ ನಾನು ಊರು ಬಿಡ್ತೀನಿ."

ಅರಿಶಿನ ಹಚ್ಚಿಕೊಂಡು ಕೂತಿದ್ದ ಮಗಳು ಪುಟ್ಟತಾಯಿ ಎದ್ದು ಬಂದು, "ಒಪ್ಕೋ ಅಪ್ಪಾ. ನನ್ನ ಮದುವೇಲಿ ಯಾವ ಮಕ್ಕಳೂ ಅಳಬಾರದು" ಅಂದಳಂತೆ.

ಗೌಡ ಹೂಂ ಅಂದದ್ದೇ ತಡ, ಊರ ಹೆಂಗಸರೆಲ್ಲ ಒರಳಿಗೆ ಕೂತರು. ಎಳ್ಳು ರುಬ್ಬಿ ಹಿಂಡಿದರೆ ಹಾಲು, ಕಾಯಿ ತುರಿದು ಹಿಂಡಿದರೆ ಹಾಲು, ಗಸಗಸೆ ಅರೆದರೆ ಹಾಲು! ಬೆಲ್ಲ ಏಲಕ್ಕಿ ಬಿದ್ದ ಪಾಯಸದ ಘಮ ಪಕ್ಕದೂರಿನ ನಾಯಿಗಳನ್ನೂ ಎಬ್ಬಿಸಿತಂತೆ.

ಬೀಗರು ಪಂಕ್ತಿಗೆ ಕೂತರು. ವರನ ಸೋದರಮಾವ ಭಾರೀ ತಕರಾರಿನ ಮನುಷ್ಯ. ಪಾಯಸ ಬಾಯಿಗಿಟ್ಟವನೇ ಹುಬ್ಬು ಗಂಟು ಹಾಕಿದ. ಗೌಡ ಬೆವೆತುಹೋದ. ಕೆಂಚಕ್ಕ ಸೌಟು ಹಿಡಿದು ಹತ್ತಿರ ಬಂದಳು.

"ಇದು ಯಾವ ಹಸೀನ ಹಾಲಮ್ಮಾ? ಆ ಹಸು ನಮಗೂ ಬೇಕು!" ಅಂದನಂತೆ ಅವನು.

ಕೆಂಚಕ್ಕ ಎಳ್ಳಿನ ಹೊಲದ ಕಡೆ ಕೈ ತೋರಿಸಿ, "ಅಗೋ, ಅಲ್ಲಿ ನಿಂತದೆ ನೋಡಿ ಮಾವಯ್ಯ. ಒದೆಯೋದೂ ಇಲ್ಲ, ಅದರ ಕರು ಅಳೋದೂ ಇಲ್ಲ" ಅಂದಳು.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಾವಯ್ಯ ನಕ್ಕು ನಕ್ಕು ಮೀಸೆಗೆಲ್ಲ ಪಾಯಸ ಮಾಡಿಕೊಂಡು, ಇನ್ನೆರಡು ಸೌಟು ಹಾಕಿಸಿಕೊಂಡ.

ಗೌಡ ಎದ್ದುಹೋಗಿ ತಾನೇ ಕೊಟ್ಟಿಗೆ ಬಾಗಿಲು ತೆಗೆದ. ಕರುಗಳು ಬಾಲ ಎತ್ತಿಕೊಂಡು ತಾಯಂದಿರ ಹತ್ತಿರ ಓಡಿದವು. ಬಿದ್ದಿದ್ದ ಕರುವನ್ನ ಕೆಂಚಕ್ಕ ಹೊತ್ತು ತಂದು ತಾಯಿ ಹತ್ತಿರ ಬಿಟ್ಟಳು; ಅದೂ ಹಾಲು ಕುಡಿದು ತಡವರಿಸಿ ಎದ್ದು ನಿಂತಿತು. ಅದನ್ನ ನೋಡಿ ಗೌಡ ಹೆಗಲವಸ್ತ್ರದಿಂದ ಕಣ್ಣೊರೆಸಿಕೊಂಡು, "ಇನ್ನುಮೇಲೆ ಈ ಹಾಲು ಇವುಗಳದ್ದೇ" ಅಂದನಂತೆ.

ಆಮೇಲೆ ಕೆಂಚಕ್ಕ ಊರೂರು ತಿರುಗಿ ಎಳ್ಳುಹಾಲು ಮಾಡೋದು ಕಲಿಸಿದಳಂತೆ, ಯಾರ ಹತ್ತಿರಾನೂ ಒಂದು ಹಿಡಿ ಕಾಳು ಕೂಡ ಮುಟ್ಟದೆ.

ಆ ಊರಲ್ಲಿ ಇವತ್ತಿಗೂ ಮದುವೆ ದಿನ ಮದುಮಗಳೇ ಮೊದಲು ಕೊಟ್ಟಿಗೆ ಬಾಗಿಲು ತೆಗೀತಾಳೆ. ಕರುಗಳು ಚಪ್ಪರಕ್ಕೆ ನುಗ್ಗುತ್ತವೆ, ಬಾಳೆಲೆ ತಿಂತವೆ, ಓಲಗದವರನ್ನ ಎಡವಿಸ್ತವೆ. ಯಾರೂ ಗದರಿಸಲ್ಲ. "ಕೆಂಚಕ್ಕನ ಕಡೆ ನೆಂಟರು ಬಂದರು, ಜಾಗ ಬಿಡ್ರಪ್ಪಾ" ಅಂತ ನಕ್ಕು ಸರಿದು ಕೂರ್ತಾರೆ.