ಎಡೆಗಿಟ್ಟ ಕಾಫಿ

"ಗುರುಗಳೇ, ತೀರಿಹೋದವರ ಮನಸ್ಸಿನಲ್ಲಿ ಏನು ಉಳಿದಿದೆ ಎಂದು ತಿಳಿಯುವುದು ಹೇಗೆ?" ಎಂದು ಚೆಲುವಯ್ಯ ಕೇಳಿದ. ತಾಯಿಯ ತಿಥಿ ಮುಗಿಸಿ, ಬೋಳು ತಲೆಯಲ್ಲೇ ಮಠಕ್ಕೆ ಬಂದಿದ್ದ. "ಕಾಗೆ ಪಿಂಡ ಮುಟ್ಟಲಿಲ್ಲ. ಹೊತ್ತು ಇಳಿಯುವ ತನಕ ಕಾದೆ. ಅವ್ವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿಸಿದ್ದೆ. ಹಾಸಿಗೆ ಹಿಡಿದಾಗ, ಬೇರೆ ಹೋದ ತಮ್ಮನನ್ನು ಕರೆಸು ಅನ್ನುತ್ತಿದ್ದಳು. ಕಾಯಿಲೆಯವರು ಏನೇನೋ ಅನ್ನುತ್ತಾರೆ. ಆದರೆ ಕಾಗೆ ಯಾಕೆ ಬರಲಿಲ್ಲ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿಗೆ ಹೆಂಡತಿ ತೀರಿಹೋದಳು. ಮಗಳು ಇನ್ನೂ ಎಳೆಯದು. ತಾನು ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಆಕೆ ದಿನವೂ ತನ್ನ ಲ್ಯಾಪ್‌ಟಾಪಿನ ಮುಂದೆ ಕೂತು, ಮಗಳಿಗೆಂದು ಒಂದೊಂದು ಕತೆ ಹೇಳಿ ತುಂಬಿಸಿಟ್ಟಿದ್ದಳು. ಆ ದನಿ ಬೇರೆಲ್ಲೂ ಇರಲಿಲ್ಲ. ವ್ಯಾಪಾರಿಗೆ ಅದನ್ನು ಕೇಳುವ ಧೈರ್ಯವಾಗಲಿಲ್ಲ. ಅವಳು ಕಣ್ಣು ಮುಚ್ಚಿದಾಗ ಅವನು ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದ. ಅವಳು ತನ್ನನ್ನು ಕ್ಷಮಿಸಿದಳೇ ಎಂಬುದೊಂದೇ ಅವನಿಗೆ ಬೇಕಿತ್ತು.

ತಿಥಿಯ ದಿನ ಎಡೆ ಇಟ್ಟರು. ಹೊಸ ಸೀರೆ, ಕೋಡುಬಳೆ, ಅವಳ ಲೋಟದ ತುಂಬ ಸಕ್ಕರೆ ಮುಂದಾದ ಕಾಫಿ. ನೆಲಕ್ಕೆ ಅಕ್ಕಿಹಿಟ್ಟು ಹರಡಿ, ಬಾಗಿಲು ಮುಚ್ಚಿ ಹೊರಗೆ ಕೂರುವುದು, ಆಮೇಲೆ ಹಿಟ್ಟಿನ ಮೇಲೆ ತೀರಿಹೋದವರು ಬಂದ ಗುರುತು ಹುಡುಕುವುದು ಆ ಮನೆಯ ಪದ್ಧತಿ. ವ್ಯಾಪಾರಿಗೆ ಅಷ್ಟು ಸಾಲಲಿಲ್ಲ. ಓದುಬರಹ ಬಲ್ಲವಳು, ಹಿಟ್ಟಿನಲ್ಲಿ ಯಾಕೆ ಗೀಚಬೇಕು ಎಂದುಕೊಂಡ. ಲ್ಯಾಪ್‌ಟಾಪನ್ನು ಕಾಫಿಯ ಪಕ್ಕಕ್ಕೇ ತಂದು, ತೆರೆದು, ಪರದೆಯ ಮೇಲೆ ಬಿಳಿ ಹಾಳೆಯೊಂದನ್ನು ಬರಿದಾಗಿ ಬಿಟ್ಟು ಬಂದ.

ಮಟಮಟ ಮಧ್ಯಾಹ್ನ ಬಾಗಿಲು ತೆರೆದರು. ಹಿಟ್ಟು ಹರಡಿದ ಹಾಗೇ ಇತ್ತು. ಬೆಕ್ಕಿನ ಹೆಜ್ಜೆಯೂ ಇರಲಿಲ್ಲ. ಕಾಫಿಯ ಲೋಟ ಮಾತ್ರ ಮಗುಚಿ ಬಿದ್ದಿತ್ತು. ಕಾಫಿ ಕೀಲಿಗಳ ಸಂದಿಯಲ್ಲಿ ಇಳಿಯುತ್ತಿತ್ತು. ಬಿಳಿ ಹಾಳೆಯ ಮೇಲೆ, ಯಾರೂ ಮುಟ್ಟದೆ, ಅಕ್ಷರಗಳು ಮೂಡುತ್ತಿದ್ದವು.

ಒಂದು ಸಾಲು ಪೂರ್ತಿ 'ಕ'. ಆಮೇಲೆ ಬರೀ ಜಾಗ. ಆಮೇಲೆ 'ಮ'.

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹೆಂಡತಿಯ ತಂಗಿ ಮಾತ್ರ ಹಿಟ್ಟು ತುಳಿದುಕೊಂಡೇ ಒಳಗೆ ನುಗ್ಗಿದಳು.

"ಭಾವ, ಮೊದಲು ಆಫ್ ಮಾಡಿ! ಬೋರಲು ಹಾಕೋಣ, ಒಣಗಲಿ. ಅಕ್ಕನ ಕತೆಗಳೆಲ್ಲ ಅದರಲ್ಲೇ ಇವೆ."

ಅವನು ಅವಳ ಕೈ ಹಿಡಿದು ತಡೆದ. "ಈಗ ತಾನೇ ಬಾಯಿ ಬಿಟ್ಟಿದಾಳೆ. ನಾನೇ ಮುಚ್ಚಿಸ್ಲಾ?"

ಅದರ ಮುಂದೆ ಮಂಡಿಯೂರಿ ಕೂತ. ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದ. ಅಕ್ಷರಗಳು ನಿಂತವು. ಅವು ಮತ್ತೆ ಹೊರಟವು, ಈ ಸಲ ಇನ್ನೂ ಬಿರುಸಾಗಿ, ಸಾಲಿನ ಮೇಲೆ ಸಾಲು. ಅವನು ಒಂದೊಂದಕ್ಕೂ ಅರ್ಥ ಹಚ್ಚುತ್ತ ಹೋದ. ಲ್ಯಾಪ್‌ಟಾಪಿನ ತಳ ಕಾವೇರಿತು, ಆಫ್ ಮಾಡಲಿಲ್ಲ. ಸುಟ್ಟ ಸಕ್ಕರೆಯ ವಾಸನೆ ಬಂತು, ಆಗಲೂ ಮಾಡಲಿಲ್ಲ.

ಆಗ ಯಾವ ಕೀಲಿ ಯಾವುದಕ್ಕೆ ಅಂಟಿತೋ, ಹಾಳೆ ಸರಿದು ಲ್ಯಾಪ್‌ಟಾಪಿನೊಳಗಿಂದ ಅವಳ ದನಿಯೇ ಬಂತು.

"ಕಂದಾ, ನಿದ್ದೆ ಬಂತಾ? ಹಾಗಾದರೆ ಕೇಳು..."

ಹೊಸ್ತಿಲಲ್ಲಿ ನಿಂತಿದ್ದ ಮಗಳು "ಅಮ್ಮಾ" ಎಂದು ಓಡಿ ಬಂದಳು. ಅಷ್ಟರಲ್ಲಿ ದನಿ ನಿಂತಿತು. ಪರದೆಯ ಬೆಳಕೂ ಹೋಯಿತು. ಕಪ್ಪು ಗಾಜಿನಲ್ಲಿ ವ್ಯಾಪಾರಿಗೆ ತನ್ನ ಮುಖ ಕಂಡಿತು, ಪಕ್ಕದಲ್ಲಿ ಮಗಳದು.

ಆಮೇಲೆ ಹೆಂಡತಿಯ ತಂಗಿ ಹೇಳಿದ್ದನ್ನೆಲ್ಲ ಮಾಡಿದ. ಬೋರಲು ಹಾಕಿದ, ಒಣಗಿಸಿದ, ರಿಪೇರಿ ಅಂಗಡಿಗಳನ್ನೆಲ್ಲ ಅಲೆದ. ಬಿಚ್ಚಿ ನೋಡಿದವರು ಕೈಚೆಲ್ಲಿದರು. ಕಾಫಿ ಬಿದ್ದ ಕೂಡಲೇ ಆಫ್ ಮಾಡಿದ್ದರೆ ಕತೆಗಳಾದರೂ ಸಿಗುತ್ತಿದ್ದವು ಎಂದರು. ನೆನೆದದ್ದರಿಂದ ಹೋದದ್ದಕ್ಕಿಂತ, ನೆನೆದ ಮೇಲೂ ಓಡಿಸಿದ್ದರಿಂದ ಹೋದದ್ದೇ ಹೆಚ್ಚು.

ಮಗಳು ಬೆಳೆದಳು. ಅಮ್ಮ ಆಮೇಲೆ ಏನು ಹೇಳಿದಳು ಎಂದು ಈಗಲೂ ಕೇಳುತ್ತಾಳೆ. ಅವನಿಗೆ 'ಕ' ಗೊತ್ತು, 'ಮ' ಗೊತ್ತು. ಕತೆ ಗೊತ್ತಿಲ್ಲ.

ಗುರುಗಳು ಕತೆ ಮುಗಿಸಿದರು. ಚೆಲುವಯ್ಯ ಮೈ ಕುಗ್ಗಿಸಿ ಕೂತಿದ್ದ. ಅವನಿಗೆ ಒಂದೇ ಪ್ರಶ್ನೆ ಕೊರೆಯುತ್ತಿತ್ತು.

"ಗುರುಗಳೇ, ಆ ಅಕ್ಷರಗಳನ್ನು ಬರೆದದ್ದು ಅವಳೋ, ಕಾಫಿಯೋ?"

"ನಿಮ್ಮವ್ವನ ತಿಥಿಯ ಊಟಕ್ಕೆ ನಿನ್ನ ತಮ್ಮ ಯಾವ ಪಂಕ್ತಿಯಲ್ಲಿ ಕೂತಿದ್ದ, ಚೆಲುವಯ್ಯ?" ಎಂದರು ಗುರುಗಳು.

"ಅವನಿಗೆ ಹೇಳಿ ಕಳಿಸಿರಲಿಲ್ಲ" ಎಂದ ಚೆಲುವಯ್ಯ.