ಹುಳ ಬೀಳಿಸುವ ಪರೀಕ್ಷೆ

ಪರಂಗಿಯವರು ಹಡಗಿನಲ್ಲಿ ಕುದುರೆ ತಂದು ವಿಜಯನಗರದ ಅರಸರಿಗೆ ಮಾರುತ್ತಿದ್ದ ಕಾಲ. ತುಂಗಭದ್ರೆಯ ದಂಡೆಯ ಮೇಲೆ ಬೊಮ್ಮರಸ ಪಂಡಿತರ ಆಶ್ರಮವಿತ್ತು. ಹಲ್ಲುನೋವು ಬಂತೆಂದರೆ ಸುತ್ತಲ ಸೀಮೆಯ ಜನ ದವಡೆ ಹಿಡಿದುಕೊಂಡು ಅಲ್ಲಿಗೇ ಓಡಬೇಕು.

ಪಂಡಿತರ ಬಾಯಲ್ಲಿ ಮಾತ್ರ ಒಂದು ಹಲ್ಲೂ ಇರಲಿಲ್ಲ. ಗುಣವಾದವರು ಪ್ರೀತಿಯಿಂದ ಹುರಿಗಡಲೆ ತಂದುಕೊಟ್ಟರೆ, "ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ಗಾದೆ ಕಟ್ಟಿದವನು ನನ್ನನ್ನು ನೋಡಿಯೇ ಕಟ್ಟಿರಬೇಕು" ಎಂದು ನಕ್ಕು, ಶಿಷ್ಯ ಕೇತಯ್ಯನ ಉಡಿಗೆ ಸುರಿದುಬಿಡುತ್ತಿದ್ದರು.

ಹಲ್ಲನ್ನು ಹುಳ ತಿನ್ನುತ್ತದೆ, ಅದಕ್ಕೇ ನೋವು. ಆಗ ಎಲ್ಲರೂ ನಂಬಿದ್ದ ಮಾತು ಇದು. ಆ ಹುಳವನ್ನು ಹೊಗೆ ಹಾಕಿ ಬೀಳಿಸುವುದೇ ಪಂಡಿತರ ವಿದ್ಯೆ.

ನೀರು ತುಂಬಿದ ಹರಿವಾಣದ ನಡುವೆ ಕಲ್ಲಿಟ್ಟು, ಅದರ ಮೇಲೆ ಒಡೆದ ಮಡಕೆಯ ಬೋಕಿಯಲ್ಲಿ ಕೆಂಡ ಇಡುತ್ತಿದ್ದರು. ಕೆಂಡಕ್ಕೆ ತುಪ್ಪ ಸವರಿದ ನೆಲಗುಳ್ಳದ ಬೀಜ. ರೋಗಿ ಕಂಬಳಿ ಹೊದ್ದು ಹೊಗೆಯ ಮೇಲೆ ಬಾಯಿ ತೆರೆದು ಕೂರುವುದು. ಕಂಬಳಿ ತೆಗೆದರೆ ನೀರಿನಲ್ಲಿ ಬೆಳ್ಳನೆಯ ಸಣ್ಣ ಹುಳಗಳು! ನೋವೂ ಅಷ್ಟೋ ಇಷ್ಟೋ ಇಳಿದಿರುತ್ತಿತ್ತು.

ಹನ್ನೆರಡು ವರ್ಷ ಕಲಿತ ಶಿಷ್ಯ ಊರವರ ಮುಂದೆ ತಾನೊಬ್ಬನೇ ಹುಳ ಬೀಳಿಸಿ ತೋರಿಸಬೇಕು. ಬಿದ್ದರೆ ಗುರುಗಳ ಕೈಯಿಂದ ಹಲ್ಲು ಕೀಳುವ ಇಕ್ಕಳ ಸಿಗುತ್ತದೆ, ವೈದ್ಯನಾಗಿ ತನ್ನೂರಿಗೆ ಹೋಗಬಹುದು. ಬೀಳದಿದ್ದರೆ ಇನ್ನೂ ಮೂರು ವರ್ಷ ಬೂದಿ ಬಾಚುತ್ತ ಬಿದ್ದಿರಬೇಕು.

ಕೇತಯ್ಯನ ಪರೀಕ್ಷೆಯ ದಿನ ಬಂತು. ಬೆಳಗ್ಗೆಯೇ ಅಂಗಳದಲ್ಲಿ ಜನ ಸೇರಿದರು. ರೋಗಿಯಾಗಿ ಬಂದವನು ದುವಾರ್ತೆ ಎಂಬ ಪರಂಗಿ ಕುದುರೆ ವ್ಯಾಪಾರಿ. ಪಾಪ, ಕೆನ್ನೆ ಊದಿ ಕುಂಬಳಕಾಯಿಯಾಗಿತ್ತು.

ಕೇತಯ್ಯನಿಗೆ ಒಂದೇ ಗಡಿಬಿಡಿ. ಕೆಂಡದ ಕಾವು ಸಾಕೋ ಇಲ್ಲವೋ ನೋಡೋಣವೆಂದು ಹಿತ್ತಲಲ್ಲಿ ಒಂದು ಚಿಟಿಕೆ ಬೀಜ ಹಾಕಿ ಕಂಬಳಿ ಮುಚ್ಚಿದ. ರೋಗಿಯಿಲ್ಲದೆ ಹೊಗೆ ಹಾಕುವುದು ಅಪಶಕುನವೆಂದು ಅಲ್ಲಿಯವರೆಗೆ ಯಾರೂ ಹಾಗೆ ಮಾಡಿರಲಿಲ್ಲ. ಬೀಜ ಚಟಪಟ ಸಿಡಿಯಿತು. ಕಂಬಳಿ ತೆಗೆದು ನೋಡುತ್ತಾನೆ, ನೀರಿನಲ್ಲಿ ಒಂಬತ್ತು ಹುಳ!

ಬಾಯಿಯೇ ಇಲ್ಲ, ಹುಳ ಎಲ್ಲಿಂದ ಬಂತು?

ಒಂದನ್ನು ಬೆರಳ ತುದಿಯಲ್ಲಿ ಎತ್ತಿ ಹಿಚುಕಿದ. ಹುಳವಲ್ಲ, ಸಿಡಿದ ಬೀಜದೊಳಗಿನ ಬಿಳಿಯ ಮೊಳಕೆ ಅದು. ಕೇತಯ್ಯನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸೀದಾ ಒಳಗೆ ಗುರುಗಳ ಬಳಿಗೆ ಹೋದ.

"ಏನೋ, ಕೆಂಡ ಸಿದ್ಧವೇ?"

"ಗುರುಗಳೇ, ನನ್ನಿಂದಾಗುವುದಿಲ್ಲ."

"ಹುಳ ಬೀಳುವುದಿಲ್ಲವೆಂಬ ಹೆದರಿಕೆಯೇ?"

"ಬಿದ್ದೇ ಬೀಳುತ್ತದೆ. ಅದೇ ಹೆದರಿಕೆ." ಕೇತಯ್ಯ ಹಿತ್ತಲಲ್ಲಿ ಕಂಡದ್ದನ್ನೆಲ್ಲ ಹೇಳಿದ.

ಪಂಡಿತರು ಅವನ ಬೆರಳ ತುದಿಗೆ ಅಂಟಿದ್ದ ಮೊಳಕೆಯನ್ನು ಅಂಗೈಗೆ ಹಾಕಿಕೊಂಡು ನೋಡಿದರು. ಆಮೇಲೆ ಕೇಳಿದರು, "ನಿನಗೆ ಇಕ್ಕಳ ಬೇಡವೇ?"

"ಬೇಕು. ಹನ್ನೆರಡು ವರ್ಷದಿಂದ ಅದೇ ಕನಸು."

"ಹಾಗಾದರೆ ಹೋಗಿ ಬೀಳಿಸು, ಕೊಡುತ್ತೇನೆ."

"ಸುಳ್ಳು ತೋರಿಸಿ ತೆಗೆದುಕೊಳ್ಳಲಾರೆ. ನಿಜ ಹೇಳಿದರೆ ನಿಮ್ಮ ಮಾನ ಹೋಗುತ್ತದೆ. ಇವನಿಗೆ ವಿದ್ಯೆ ಹತ್ತಲಿಲ್ಲ ಎಂದು ನೀವೇ ಜನಕ್ಕೆ ಹೇಳಿಬಿಡಿ. ನಾನು ಬೂದಿ ಬಾಚಿಕೊಂಡು ಇಲ್ಲೇ ಇರುತ್ತೇನೆ." ಕೇತಯ್ಯನಿಗೆ ಅಳು ತಡೆಯಲಾಗಲಿಲ್ಲ.

ಪಂಡಿತರು ಎದ್ದರು. ನೇರ ಅಂಗಳಕ್ಕೆ ಹೋಗಿ, ರೋಗಿಯ ಮಣೆಯ ಮೇಲೆ ತಾವೇ ಕುಳಿತು ಕಂಬಳಿ ಹೊದ್ದರು.

"ಕೇತಯ್ಯಾ, ಹಾಕೋ ಹೊಗೆ. ನನಗೆ!"

ಮುಂದೆ ಕುಳಿತಿದ್ದ ಅಜ್ಜಿಯೊಬ್ಬಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಶಿವನೇ! ಪಂಡಿತಪ್ಪನಿಗೆ ಹಲ್ಲೆಲ್ಲಿದೆ?"

ಕೇತಯ್ಯ ಹರಿವಾಣಕ್ಕೆ ಹೊಸ ನೀರು ತುಂಬಿ ತಂದಿಟ್ಟು, ಕೆಂಡಕ್ಕೆ ಬೀಜ ಉದುರಿಸಿದ. ಚಟಪಟ ನಿಂತಿತು. ಪಂಡಿತರು ಕೆಮ್ಮುತ್ತ ಕಂಬಳಿ ಸರಿಸಿದರು.

"ಎಣಿಸಮ್ಮ."

ಅಜ್ಜಿ ಬಗ್ಗಿ ಎಣಿಸಿದಳು. "ಹದಿನಾಲ್ಕು!"

"ಇವು ಯಾವ ಹಲ್ಲಿನವು?" ಎಂದು ಪಂಡಿತರು ಬರೀ ವಸಡಿನ ಬಾಯನ್ನು ಅಗಲವಾಗಿ ತೆರೆದು ಎಲ್ಲರಿಗೂ ತೋರಿಸಿದರು.

"ಹುಳ ಹಲ್ಲಿನದಲ್ಲ, ಬೀಜದ್ದು. ನಲವತ್ತು ವರ್ಷ ನಿಮಗೆ ತಪ್ಪು ಹೇಳಿದೆ. ತಪ್ಪು ಹಿಡಿದವನು ಈ ಕೇತಯ್ಯ." ಪಂಡಿತರು ಜನಕ್ಕೆ ಕೈ ಮುಗಿದರು.

ಹಿಂದಿನಿಂದ ಯಾರೋ ಕೂಗಿದರು, "ಹಾಗಾದರೆ ನಮಗೆ ಮೋಸ ಮಾಡಿದಿರಾ?"

"ಮೋಸವೆಂದು ತಿಳಿದಿದ್ದರೆ ನನ್ನ ಹಲ್ಲನ್ನಾದರೂ ಉಳಿಸಿಕೊಳ್ಳುತ್ತಿರಲಿಲ್ಲವೇನಪ್ಪಾ? ನನ್ನ ಗುರುಗಳು ಈ ಬಾಯಿಂದ ಸಾವಿರ ಹುಳ ಬೀಳಿಸಿದರು. ಹುಳದ ಹಿಂದೆಯೇ ಹಲ್ಲೂ ಬಿದ್ದವು."

ಕೆಲವರು ಗೊಣಗುತ್ತ ಎದ್ದು ಹೋದರು. ಅಜ್ಜಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೂ ಹಲ್ಲಿರಲಿಲ್ಲ.

ದುವಾರ್ತೆ ಊದಿದ ಕೆನ್ನೆಯಲ್ಲೇ ತನ್ನ ಹರಕು ಕನ್ನಡದಲ್ಲಿ ಹೇಳಿದ. "ನಮ್ಮ ದೇಶದ ಸಂತೆಯಲ್ಲೂ ಇದೇ ಹೊಗೆ, ಪಂಡಿತರೇ! ಅಲ್ಲೂ ನನಗೆ ಹನ್ನೊಂದು ಬಿದ್ದಿತ್ತು. ಈಗ ನನ್ನ ನೋವಿಗೆ ಏನು ಗತಿ?"

"ಕುದುರೆ ಕೊಳ್ಳುವಾಗ ಮೊದಲು ಏನು ನೋಡುತ್ತೀಯಪ್ಪಾ?"

"ಬಾಯಿ ತೆಗೆಸಿ ಹಲ್ಲು ನೋಡುತ್ತೇನೆ."

"ನಾನು ನಲವತ್ತು ವರ್ಷ ಹರಿವಾಣ ನೋಡಿದೆ." ಪಂಡಿತರು ಶಿಷ್ಯನ ಕಡೆ ತಿರುಗಿದರು. "ಕೇತಯ್ಯಾ, ಇವನ ಮುಖ ಬಿಸಿಲಿಗೆ ತಿರುಗಿಸು. ಒಳಗೆ ಏನಿದೆ ಹೇಳು."

ಕೇತಯ್ಯ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. "ಕೆಳಗಿನ ಸಾಲಿನ ಕೊನೆಯ ದವಡೆಹಲ್ಲಿನಲ್ಲಿ ಕಪ್ಪು ಗುಳಿಯಿದೆ. ಗುಳಿಯಲ್ಲಿ ಕೊಳೆತ ಮಾಂಸದ ಎಳೆ. ಪಕ್ಕದ ವಸಡು ಕೀವು ತುಂಬಿ ಉಬ್ಬಿದೆ."

"ಏನು ಮಾಡುತ್ತೀ?"

"ಇದನ್ನು ನೀವು ಹೇಳಿಕೊಟ್ಟಿಲ್ಲ."

"ನನಗೆ ಗೊತ್ತಿದ್ದರೆ ತಾನೇ ಹೇಳಿಕೊಡುವುದು! ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ಏನು ಮಾಡುತ್ತೀಯೋ ಅದನ್ನೇ ಮಾಡು."

ಕೇತಯ್ಯ ಸೂಜಿ ಕಾಯಿಸಿ ವಸಡು ಚುಚ್ಚಿದ. ಪರಂಗಿ ತನ್ನ ಸಂತರನ್ನೆಲ್ಲ ಕೂಗಿ ಕರೆದ. ಕೀವು ಹರಿಯಿತು. ಕೇತಯ್ಯ ಗುಳಿ ಕೆರೆದು ಉಪ್ಪುನೀರಿನಿಂದ ತೊಳೆದ, ಲವಂಗದೆಣ್ಣೆ ಕಲಸಿದ ಜೇನುಮೇಣ ತುಂಬಿದ. ದುವಾರ್ತೆ ಮೆಲ್ಲಗೆ ದವಡೆ ಆಡಿಸಿದ, ಇನ್ನೊಮ್ಮೆ ಆಡಿಸಿದ, ಕಣ್ಣರಳಿಸಿದ.

"ಇಳೀತು! ಪಂಡಿತರೇ, ಇಳೀತು!"

ಬೊಮ್ಮರಸ ಪಂಡಿತರು ಒಳಗೆ ಹೋಗಿ ಇಕ್ಕಳ ತಂದು ಶಿಷ್ಯನ ಕೈಯಲ್ಲಿಟ್ಟರು.

"ಗುರುಗಳೇ, ನಾನು ಹುಳ ಬೀಳಿಸಲಿಲ್ಲವಲ್ಲ?"

"ಅದಕ್ಕೇ ಕೊಟ್ಟೆ. ಹಿಡಿ."

ಕೇತಯ್ಯ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸಂಜೆ ಇಬ್ಬರೂ ಹೊಳೆಗೆ ಕಾಲು ಇಳಿಬಿಟ್ಟು ಕುಳಿತಿದ್ದರು. ಮರುದಿನ ಊರಿಗೆ ಹೊರಡುವವನು ಕೇತಯ್ಯ; ಒಂದು ಮಾತು ಮಾತ್ರ ಅವನನ್ನು ಕೊರೆಯುತ್ತಲೇ ಇತ್ತು.

"ಗುರುಗಳೇ, ಹುಳ ಅಲ್ಲವೆಂದಾದರೆ ಹಲ್ಲನ್ನು ತಿನ್ನುವುದು ಏನು? ಊರಿನಲ್ಲಿ ಜನ ಕೇಳಿದರೆ ಏನು ಹೇಳಲಿ?"

ಪಂಡಿತರು ಯೋಚಿಸಿದರು. ಆಮೇಲೆ ಮುಖವೆಲ್ಲ ಅರಳಿಸಿಕೊಂಡು ನಕ್ಕರು.

"ಗೊತ್ತಿಲ್ಲ ಕಣೋ! ನಲವತ್ತು ವರ್ಷದ ಮೇಲೆ ಈ ಮಾತು ಬಾಯಿಗೆ ಬಂತು. ಎಷ್ಟು ರುಚಿಯಾಗಿದೆ, ನೀನೂ ಒಂದು ಸಲ ಹೇಳಿ ನೋಡು."